ಉಚಿತ ಎಡಿಟರ್ ಮತ್ತು ಅದರೊಳಗಿನ ಪರವಾನಗಿಗಳು

ಹತ್ತು ಮಂದಿ ಪ್ರೋಗ್ರಾಮರ್‌ಗಳಿರುವ ಸಣ್ಣ ತಂತ್ರಾಂಶ ಸಂಸ್ಥೆಯೊಂದು ಇಂದು ಕೋಡ್ ಎಡಿಟರಿಗಾಗಿ ಒಂದು ರೂಪಾಯಿಯನ್ನೂ ವೆಚ್ಚ ಮಾಡಬೇಕಾಗಿಲ್ಲ. ಮೈಕ್ರೋಸಾಫ್ಟ್ ಸಂಸ್ಥೆಯು 2015ರಲ್ಲಿ ಹೊರತಂದ ವಿಷುಯಲ್ ಸ್ಟುಡಿಯೋ ಕೋಡ್ ವಾಣಿಜ್ಯ ಬಳಕೆಗೂ ಉಚಿತವಾಗಿದೆ. ಆದರೆ ಎಡಿಟರ್ ಬೇರೆ, ಅದಕ್ಕೆ ಕೂಡಿಸುವ ಭಾಷಾ ಸೌಲಭ್ಯ ಬೇರೆ. ಎರಡರ ಪರವಾನಗಿಯೂ ಒಂದೇ ಎಂದು ಭಾವಿಸಿದ ಸಂಸ್ಥೆಗೆ ಲೆಕ್ಕಪರಿಶೋಧನೆಯ ವೇಳೆ ತೊಡಕು ಎದುರಾಗಬಹುದು.

ಬರೆಯುತ್ತಿರುವಾಗಲೇ ತಪ್ಪನ್ನು ಗುರುತಿಸುವುದು, ಅರ್ಧ ಬರೆದ ಹೆಸರನ್ನು ಪೂರ್ಣಗೊಳಿಸುವುದು ಮುಂತಾದ ಕೆಲಸಗಳನ್ನು ಬಹುತೇಕ ಭಾಷೆಗಳಲ್ಲಿ ಲ್ಯಾಂಗ್ವೇಜ್ ಸರ್ವರ್ ಎಂಬ ಪ್ರತ್ಯೇಕ ಪ್ರೋಗ್ರಾಮ್ ನಿರ್ವಹಿಸುತ್ತದೆ. ಸರ್ವರ್ ಎಂದ ಮಾತ್ರಕ್ಕೆ ಹೊಸ ಯಂತ್ರ ಕೊಳ್ಳಬೇಕಿಲ್ಲ; ಅದು ಅದೇ ಗಣಕದ ಹಿನ್ನೆಲೆಯಲ್ಲಿ ನಡೆಯುತ್ತದೆ. ಹಿಂದೆ ಐದು ಎಡಿಟರ್‌ಗಳಿಗೆ ಹತ್ತು ಭಾಷೆಗಳನ್ನು ಅಳವಡಿಸಲು ಐವತ್ತು ಜೋಡಣೆಗಳು ಬೇಕಾಗುತ್ತಿದ್ದವು. ಮೈಕ್ರೋಸಾಫ್ಟ್, ರೆಡ್ ಹ್ಯಾಟ್ ಮತ್ತು ಕೋಡೆನ್ವಿ ಸಂಸ್ಥೆಗಳು 2016ರ ಜೂನ್ ತಿಂಗಳಲ್ಲಿ ಪ್ರಕಟಿಸಿದ ಸಮಾನ ನಿಯಮಾವಳಿಯಿಂದಾಗಿ ಈಗ ಹದಿನೈದು ಸಾಕು. ಗೋ ಭಾಷೆಯ ಗೋಪ್ಲ್ಸ್, ಸಿ ಮತ್ತು ಸಿ ಪ್ಲಸ್ ಪ್ಲಸ್ ಭಾಷೆಗಳ ಕ್ಲಾಂಗ್‌ಡಿ ಮುಂತಾದ ಸರ್ವರ್‌ಗಳು ಮುಕ್ತ ಪರವಾನಗಿಯವು.

ಎಲ್ಲವೂ ಹೀಗಿಲ್ಲ. 2023ರಲ್ಲಿ ಬಂದ ಸಿ ಶಾರ್ಪ್ ಡೆವ್ ಕಿಟ್‌ಗೆ ಸಾಮಾನ್ಯ ವಾಣಿಜ್ಯ ಬಳಕೆಯಲ್ಲಿ ಐವರವರೆಗೆ ಮಾತ್ರ ಶುಲ್ಕವಿಲ್ಲ. ಅದನ್ನು ಮೀರಿದರೆ ವಿಷುಯಲ್ ಸ್ಟುಡಿಯೋ ಚಂದಾ ಅಗತ್ಯ. 250ಕ್ಕಿಂತ ಹೆಚ್ಚು ಗಣಕಗಳು ಅಥವಾ ವರ್ಷಕ್ಕೆ 10 ಲಕ್ಷ ಡಾಲರಿಗಿಂತ ಅಧಿಕ ಆದಾಯವುಳ್ಳ ಸಂಸ್ಥೆಗೆ ಐವರ ವಿನಾಯಿತಿಯೂ ಇಲ್ಲ. ವಿಚಿತ್ರವೆಂದರೆ, ಗುಂಡಿ ಒತ್ತಿದೊಡನೆ ಅದು ಯಾವ ಹಣವನ್ನೂ ಕೇಳದೆ ಸ್ಥಾಪಿತವಾಗುತ್ತದೆ. ಮೂಲ ಸಿ ಶಾರ್ಪ್ ಎಕ್ಸ್‌ಟೆನ್ಷನ್ ಒಂದರಿಂದಲೇ ಬಹಳಷ್ಟು ಕೆಲಸ ಸಾಗುತ್ತದೆ; ಅದಕ್ಕೆ ಈ ಷರತ್ತು ಅನ್ವಯಿಸದು.

ಇನ್ನೊಂದು ತೊಡಕು ವಿಷುಯಲ್ ಸ್ಟುಡಿಯೋ ಕೋಡ್‌ನ ಮೂಲ ಸಂಕೇತದಿಂದಲೇ ರೂಪುಗೊಂಡ ಕರ್ಸರ್‌ನಂತಹ ಅನ್ಯ ಎಡಿಟರ್‌ಗಳನ್ನು ಬಳಸುವವರದು. ಮೈಕ್ರೋಸಾಫ್ಟಿನ ಸಿ ಪ್ಲಸ್ ಪ್ಲಸ್ ಎಕ್ಸ್‌ಟೆನ್ಷನ್ ಮತ್ತು ಪೈಥಾನ್‌ಗೆ ಸಂಬಂಧಿಸಿದ ಪೈಲ್ಯಾನ್ಸ್ ಅದರ ಸ್ವಂತ ಉತ್ಪನ್ನಗಳೊಡನೆ ಮಾತ್ರ ಬಳಸಲು ಅನುಮತಿಯುಳ್ಳವು. 2025ರ ಏಪ್ರಿಲ್‌ನಲ್ಲಿ ಸಿ ಪ್ಲಸ್ ಪ್ಲಸ್ ಎಕ್ಸ್‌ಟೆನ್ಷನ್ ಇಂತಹ ಎಡಿಟರ್‌ಗಳಲ್ಲಿ ಕೆಲಸ ಮಾಡುವುದನ್ನು ನಿಲ್ಲಿಸಿತು. ಷರತ್ತು ಹಳೆಯದೇ ಆಗಿದ್ದರೂ ಜಾರಿಗೆ ಬಂದಾಗಲೇ ಅನೇಕರು ಅದನ್ನು ಓದಿದರು. ಇಂತಹವರಿಗೆ ಕ್ಲಾಂಗ್‌ಡಿ ಮತ್ತು ಪೈರೈಟ್ ಬದಲಿಯಾಗಿವೆ. ಎಕ್ಲಿಪ್ಸ್ ಫೌಂಡೇಶನ್ ನಡೆಸುವ ಓಪನ್ ವಿಎಸ್‌ಎಕ್ಸ್ ಭಂಡಾರವೂ ಉಂಟು.

ಅಳವಡಿಕೆಯ ಕ್ರಮ ಸರಳ. ಎಕ್ಸ್‌ಟೆನ್ಷನ್ ಹಾಕಿದರೆ ಭಾಷೆಯೇ ಬಂದಂತಾಯಿತೆಂಬ ತಪ್ಪು ಕಲ್ಪನೆಯಿದೆ. ಪೈಥಾನ್ ಆಗಲಿ, ಸಿ ಕಂಪೈಲರ್ ಆಗಲಿ ಪ್ರತ್ಯೇಕವಾಗಿ ಸ್ಥಾಪಿಸಬೇಕಾದದ್ದು. ಆನಂತರ ಸಂಸ್ಥೆಯು ಒಪ್ಪಿದ ಎಕ್ಸ್‌ಟೆನ್ಷನ್‌ಗಳ ಪಟ್ಟಿಯನ್ನು ಪ್ರಾಜೆಕ್ಟಿನ ಕಡತಕೋಶದಲ್ಲಿಯೇ ಇರಿಸಬಹುದು. ಹೊಸದಾಗಿ ಸೇರಿದ ಉದ್ಯೋಗಿ ಪ್ರಾಜೆಕ್ಟನ್ನು ತೆರೆದಾಗ ಎಡಿಟರ್ ಅವುಗಳನ್ನೇ ಸೂಚಿಸುತ್ತದೆ. ಅದೇ ಪಟ್ಟಿಯ ಎದುರಿಗೆ ಪ್ರತಿಯೊಂದರ ಪರವಾನಗಿಯನ್ನೂ ಬಳಸುವವರ ಸಂಖ್ಯೆಯನ್ನೂ ಕಚೇರಿಯ ದಾಖಲೆಯಲ್ಲಿ ಬರೆದಿಡುವುದಕ್ಕೆ ಒಂದು ಅಪರಾಹ್ನ ಸಾಕು.