ಕೆಂಪು ನಿಲುವಂಗಿಯ ನಾಟಕವೂ ಅದರ ಪ್ರೇಕ್ಷಕರೂ

'ದಿ ಹ್ಯಾಂಡ್‌ಮೇಡ್ಸ್ ಟೇಲ್' ಎಂಬ ಅಮೇರಿಕದ ದೂರದರ್ಶನ ನಾಟಕವು 2017ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಆರಂಭವಾಗಿ, ಆರು ಭಾಗಗಳಾಗಿ ನಡೆದು, 2025ನೆಯ ಮೇ ತಿಂಗಳಲ್ಲಿ ಮುಕ್ತಾಯವಾಯಿತು. ಈ ಎಂಟು ವರ್ಷಗಳಲ್ಲಿ ಅದನ್ನು ನೋಡಿದವರು ಆಡಿದ ಮಾತುಗಳನ್ನೆಲ್ಲ ಒಟ್ಟುಗೂಡಿಸಿದರೆ ನಾಟಕಕ್ಕಿಂತಲೂ ದೊಡ್ಡದೊಂದು ಗ್ರಂಥವಾದೀತು. ಮುಕ್ತಕಂಠದಿಂದ ಹೊಗಳಿದವರಿದ್ದಾರೆ, ಎರಡನೆಯ ಭಾಗಕ್ಕೇ ಕೈಮುಗಿದು ಎದ್ದುಹೋದವರೂ ಇದ್ದಾರೆ. ಉಭಯರ ವಾದದಲ್ಲಿಯೂ ವಿಚಾರವಂತರು ಗಮನಿಸತಕ್ಕ ಅಂಶಗಳಿರುವುದರಿಂದ ಅವುಗಳಲ್ಲಿ ಕೆಲವನ್ನು ವಾಚಕರ ಮುಂದಿಡಲಿಚ್ಛಿಸುತ್ತೇವೆ.

ಕೆನಡಾ ದೇಶದ ಲೇಖಕಿ ಮಾರ್ಗರೆಟ್ ಆಟ್‌ವುಡ್ ಅವರು 1985ರಲ್ಲಿ ಪ್ರಕಟಿಸಿದ ಕಾದಂಬರಿಯೇ ಇದಕ್ಕೆ ಮೂಲ. ಜನರಲ್ಲಿ ಸಂತಾನಶಕ್ತಿ ಕ್ಷೀಣಿಸಿರುವ ಕಾಲ. ಮತಾಂಧರ ಗುಂಪೊಂದು ಅಮೇರಿಕದ ಸರಕಾರವನ್ನು ಉರುಳಿಸಿ ಗಿಲಿಯಡ್ ಎಂಬ ರಾಜ್ಯವನ್ನು ಸ್ಥಾಪಿಸುತ್ತದೆ; ಗರ್ಭ ಧರಿಸಬಲ್ಲ ಸ್ತ್ರೀಯರನ್ನು ಹಿಡಿದು ಅಧಿಕಾರಿಗಳ ಮನೆಮನೆಗೆ ಹಂಚುತ್ತದೆ. ಅವರಿಗೆ ಕೆಂಪು ನಿಲುವಂಗಿ, ಮುಖವನ್ನು ಮರೆಮಾಡುವ ಬಿಳಿಯ ಟೊಪ್ಪಿಗೆ. ಸ್ವಂತ ಹೆಸರೂ ಇಲ್ಲ. ಫ್ರೆಡ್ ಎಂಬವನ ಮನೆಯಲ್ಲಿರುವವಳು 'ಆಫ್‌ಫ್ರೆಡ್', ಅಂದರೆ ಫ್ರೆಡ್ಡನಿಗೆ ಸೇರಿದವಳು. ಎಲ್ಲಿಯೋ ಎಂದೋ ಮನುಷ್ಯರು ಮಾಡದಿದ್ದ ಯಾವುದನ್ನೂ ತಾವು ಪುಸ್ತಕದಲ್ಲಿ ಸೇರಿಸಿಲ್ಲವೆಂದು ಲೇಖಕಿ ಹೇಳುತ್ತ ಬಂದಿದ್ದಾರೆ. 1966ರಲ್ಲಿ ರುಮಾನಿಯದ ಸರಕಾರವು ಗರ್ಭಪಾತವನ್ನು ನಿಷೇಧಿಸಿ ಜನಸಂಖ್ಯೆಯನ್ನು ಹೆಚ್ಚಿಸಹೊರಟುದನ್ನು ಬಲ್ಲವರಿಗೆ ಈ ಮಾತು ಅತಿಶಯೋಕ್ತಿಯಾಗಿ ತೋರದು.

ಪ್ರೇಕ್ಷಕರಲ್ಲಿ ಅನೇಕರು ತಮ್ಮನ್ನು ಎಲ್ಲಕ್ಕಿಂತ ಹೆಚ್ಚಾಗಿ ಅಲುಗಿಸಿದ್ದೆಂದು ಹೇಳುವ ದೃಶ್ಯದಲ್ಲಿ ರಕ್ತವಿಲ್ಲ. ಕಥಾನಾಯಕಿ ಜೂನ್ ಒಂದು ಕಾಫಿ ಅಂಗಡಿಯಲ್ಲಿ ಹಣ ತೆರಲು ಕಾರ್ಡನ್ನು ನೀಡುತ್ತಾಳೆ, ಅದು ನಡೆಯುವುದಿಲ್ಲ. ಅದೇ ದಿನ ಆಕೆಯ ಕಚೇರಿಯ ಹೆಂಗಸರೆಲ್ಲರನ್ನೂ ಕೆಲಸದಿಂದ ಕಳುಹಿಸಿಬಿಡುತ್ತಾರೆ. ಹೆಂಗಸರ ಖಾತೆಗಳಲ್ಲಿದ್ದ ಹಣವೆಲ್ಲ ಗಂಡನಿಗೋ ಹತ್ತಿರದ ಬೇರೆ ಗಂಡಸಿಗೋ ಸೇರತಕ್ಕದ್ದೆಂದು ಆಜ್ಞೆಯಾಗಿದೆ. ಗಂಡನು ಒಳ್ಳೆಯವನು, 'ನಿನ್ನನ್ನು ನಾನು ನೋಡಿಕೊಳ್ಳುವೆನಲ್ಲ' ಎಂದು ಸಮಾಧಾನ ಹೇಳುತ್ತಾನೆ. ಆ ಒಳ್ಳೆಯ ಮಾತೇ ನೋಡುವವರ ಎದೆಯನ್ನು ನಡುಗಿಸುತ್ತದೆ. ಅಮೇರಿಕದಲ್ಲಿ ಸ್ತ್ರೀಯರಿಗೆ ಸಾಲ ಕೊಡುವುದರಲ್ಲಿ ಭೇದವೆಣಿಸಕೂಡದೆಂಬ ಶಾಸನವು ಬಂದುದು 1974ರಲ್ಲಿ. ಅದಕ್ಕೆ ಮೊದಲು ಗಂಡನ ರುಜುವನ್ನು ಕೇಳುವುದು ಬ್ಯಾಂಕುಗಳಲ್ಲಿ ವಾಡಿಕೆಯಾಗಿದ್ದಿತು. ಆದುದರಿಂದ ಅಲ್ಲಿಯ ವೃದ್ಧೆಯರಿಗೆ ಇದು ಭವಿಷ್ಯದ ಕಲ್ಪನೆಯಾಗಿ ಕಾಣಲಾರದು. ಕಚೇರಿಗಳಲ್ಲಿ ಕುಳಿತು ಆಜ್ಞಾಪತ್ರಗಳನ್ನು ಬರೆಯುವ, ಜಾರಿ ಮಾಡುವ ಮಹನೀಯರು ಈ ದೃಶ್ಯವೊಂದನ್ನಾದರೂ ನೋಡಬೇಕೆಂಬುದು ನಮ್ಮ ಆಶೆ. ಖಡ್ಗವು ಮಾಡುವುದಕ್ಕೆ ಮೊದಲೇ ಗುಮಾಸ್ತನ ಲೇಖನಿಯು ಎಷ್ಟನ್ನು ಮಾಡಿ ಮುಗಿಸಿರುತ್ತದೆಂಬುದು ಅಲ್ಲಿ ಕಾಣುತ್ತದೆ.

ಸೆರೀನಾ ಎಂಬ ಪಾತ್ರದ ವಿಷಯದಲ್ಲಿ ಪ್ರೇಕ್ಷಕರೊಳಗೆ ತೀವ್ರವಾದ ಭಿನ್ನಾಭಿಪ್ರಾಯವಿದೆ. ಸ್ತ್ರೀಯ ಸ್ಥಾನವು ಮನೆಯೊಳಗೇ ಎಂದು ಪುಸ್ತಕ ಬರೆದು, ಊರೂರಲ್ಲಿ ಭಾಷಣ ಮಾಡಿ, ಗಿಲಿಯಡ್ಡಿಗೆ ಅಡಿಗಲ್ಲು ಹಾಕಿದವರಲ್ಲಿ ಆಕೆಯೂ ಒಬ್ಬಳು. ರಾಜ್ಯವು ಬಂದ ಮೇಲೆ ಪುಸ್ತಕ ಬರೆದವಳಿಗೇ ಓದುವ ಹಕ್ಕು ಹೋಯಿತು. ಹೆಣ್ಣುಮಕ್ಕಳಿಗೆ ಧರ್ಮಗ್ರಂಥವನ್ನಾದರೂ ಓದಲು ಬಿಡಿರೆಂದು ಮುಖಂಡರ ಸಭೆಯಲ್ಲಿ ತಾನೇ ಬೈಬಲ್ಲನ್ನು ತೆರೆದು ಓದಿದಾಗ ಆಕೆಯ ಬೆರಳನ್ನು ಕತ್ತರಿಸುತ್ತಾರೆ. ಇವಳಿಗೆ ಮರುಗಬೇಕೆ? 'ತಾನು ಹೆಣೆದ ಬಲೆಯಲ್ಲಿ ತಾನೇ ಬಿದ್ದಳು' ಎನ್ನುವವರು ಕೆಲವರು. ಕಣ್ಣೀರು ಹಾಕಿದೆವೆನ್ನುವವರು ಕೆಲವರು. ಜೂನಳ ಮೇಲೆ ನಡೆದ ಅತ್ಯಾಚಾರದಲ್ಲಿ ಅವಳ ಕೈಗಳನ್ನು ಹಿಡಿದುಕೊಂಡಿದ್ದವಳು ಈಕೆಯೇ ಎಂಬುದನ್ನು ಮರೆತು ಮರುಗುವುದು ನಮಗೆ ಸಾಧ್ಯವಾಗಲಿಲ್ಲ. ಆದರೂ ನಾಟಕದಲ್ಲಿ ಇದಕ್ಕಿಂತ ಸತ್ಯವಾದ ಪಾತ್ರವಿಲ್ಲ.

ಆಕ್ಷೇಪಗಳೂ ನಿರಾಧಾರವಾದುವಲ್ಲ. ಮೊದಲನೆಯ ಭಾಗಕ್ಕೆ 2017ರಲ್ಲಿ ಶ್ರೇಷ್ಠ ನಾಟಕವೆಂದು ಎಮ್ಮಿ ಪಾರಿತೋಷಕ ಬಂದುದು ನ್ಯಾಯವೇ. ಎಲಿಜಬೆತ್ ಮಾಸ್ ಅವರ ಅಭಿನಯವನ್ನು ನಿಂದಕರು ಕೂಡ ಒಪ್ಪುತ್ತಾರೆ. ಎರಡನೆಯ ಭಾಗದಿಂದ ಮುಂದಕ್ಕೆ ಕಾದಂಬರಿಯ ಆಧಾರ ತಪ್ಪಿ, ಹಿಂಸೆಯ ಮೇಲೆ ಹಿಂಸೆಯನ್ನು ಪೇರಿಸುತ್ತ ಹೋದರು. ನಾಯಕಿಯು ಮಾತ್ರ ಪ್ರತಿಸಲವೂ ಬದುಕುಳಿಯುತ್ತಾಳೆ, ಸುತ್ತಲಿನವರು ಸಾಯುತ್ತಾರೆ. ನೋಡುವವನ ಮನಸ್ಸು ಇದರಿಂದ ಎಚ್ಚರಗೊಳ್ಳುವುದಕ್ಕೆ ಬದಲು ಮರಗಟ್ಟುತ್ತದೆಂಬ ದೂರನ್ನು ನಾವು ಒಪ್ಪುತ್ತೇವೆ. ಕರಿಯ ಜನಾಂಗದ ಪ್ರೇಕ್ಷಕರ ದೂರು ಇನ್ನೂ ಗಂಭೀರವಾದುದು. ಹೆಸರನ್ನು ಕಳೆದುಕೊಂಡು, ಒಡೆಯನಿಗಾಗಿ ಹೆತ್ತು, ಹೆತ್ತ ಕೂಸನ್ನು ಬಿಟ್ಟುಕೊಡುವ ದುಃಖವನ್ನು ಅಮೇರಿಕದ ಗುಲಾಮಗಿರಿಯಲ್ಲಿ ತಮ್ಮ ಮುತ್ತಜ್ಜಿಯರು ನಿಜವಾಗಿ ಅನುಭವಿಸಿದರು; ಅದನ್ನು ಬಿಳಿಯ ನಾಯಕಿಗೆ ಆರೋಪಿಸಿ, ವರ್ಣಭೇದದ ಮಾತನ್ನೇ ಎತ್ತದಿರುವುದು ಸರಿಯೆ, ಎಂದು ಅವರು ಕೇಳುತ್ತಾರೆ. ಈ ಪ್ರಶ್ನೆಗೆ ನಾಟಕದಲ್ಲಿ ಉತ್ತರವಿಲ್ಲ.

ಇತ್ತ ಕೆಂಪು ನಿಲುವಂಗಿಯು ಪರದೆಯಿಂದ ಬೀದಿಗಿಳಿಯಿತು. 2017ರಲ್ಲಿ ಟೆಕ್ಸಾಸಿನ ಶಾಸನಸಭೆಯಲ್ಲಿ, 2018ರಲ್ಲಿ ಅರ್ಜೆಂಟೀನದಲ್ಲಿ ಸ್ತ್ರೀಯರು ಅದನ್ನುಟ್ಟು ಮೌನವಾಗಿ ಪ್ರತಿಭಟಿಸಿದರು. ವ್ಯಾಪಾರಿಗಳೂ ಸುಮ್ಮನಿರಲಿಲ್ಲ. ಅದೇ 2018ರಲ್ಲಿ ಪಾತ್ರಗಳ ಹೆಸರಿನ ದ್ರಾಕ್ಷಾಮದ್ಯವನ್ನು ಮಾರಹೊರಟವರು ನಾಟಕದ ಅಭಿಮಾನಿಗಳ ಕೋಪಕ್ಕೆ ಹೆದರಿ ಒಂದೇ ದಿನದಲ್ಲಿ ಹಿಂತೆಗೆದುಕೊಂಡರು. ದಾಸ್ಯದ ಗುರುತನ್ನು ಸೀಸೆಗೆ ಅಂಟಿಸುವ ಬುದ್ಧಿ ಯಾರಿಗೆ ಹೊಳೆಯಿತೋ! 2022ನೆಯ ಜೂನ್ ತಿಂಗಳಲ್ಲಿ ಅಮೇರಿಕದ ಸರ್ವೋಚ್ಚ ನ್ಯಾಯಾಲಯವು ಗರ್ಭಪಾತದ ಹಕ್ಕನ್ನು ಕುರಿತ 1973ರ ತೀರ್ಪನ್ನು ರದ್ದುಪಡಿಸಿದಾಗ, 'ಕಥೆಯೆಂದು ನಕ್ಕಿದ್ದೆವು' ಎಂದವರು ಬಹಳ ಮಂದಿ. ಅದೇ ವರ್ಷದ ಡಿಸೆಂಬರಿನಲ್ಲಿ ಆಫ್ಘಾನಿಸ್ಥಾನದ ತಾಲಿಬಾನರು ವಿಶ್ವವಿದ್ಯಾನಿಲಯಗಳ ಬಾಗಿಲನ್ನು ಹೆಣ್ಣುಮಕ್ಕಳಿಗೆ ಮುಚ್ಚಿದರು. ಅಲ್ಲಿ ಹೋಲಿಕೆಗೆ ನಾಟಕವೇ ಬೇಕಾಗಿರಲಿಲ್ಲ.

ಕಡೆಯ ಪ್ರಕರಣವನ್ನು ನೋಡಿದವರ ದೊಡ್ಡ ಅಸಮಾಧಾನವೆಂದರೆ, ಜೂನಳ ಹಿರಿಯ ಮಗಳು ಹ್ಯಾನಾ ಕೊನೆಗೂ ತಾಯಿಗೆ ದೊರೆಯಲಿಲ್ಲವೆಂಬುದು. ಆರು ಭಾಗಗಳ ಪರ್ಯಂತ ಕಾದವರಿಗೆ ಇದು ಮೋಸವೆನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಅರ್ಜೆಂಟೀನದ ಸೈನಿಕ ಸರಕಾರವು 1976ರಿಂದ 1983ರ ವರೆಗೆ ಬಂದಿಗಳಾಗಿದ್ದ ತಾಯಂದಿರಿಂದ ಶಿಶುಗಳನ್ನು ಕಿತ್ತು ಬೇರೆಯವರಿಗೆ ಕೊಟ್ಟಿತು. ಆ ಮಕ್ಕಳ ಅಜ್ಜಿಯರು ಸಂಘ ಕಟ್ಟಿಕೊಂಡು 1977ರಿಂದ ಹುಡುಕುತ್ತ ಬಂದಿದ್ದಾರೆ. 2025ರ ವರೆಗೆ ಅವರಿಗೆ ಸಿಕ್ಕಿದವರು ಸುಮಾರು 140 ಮಂದಿ. ಕಳೆದುಹೋದವರು ಸುಮಾರು 500 ಎಂದು ಅವರ ಅಂದಾಜು.