ಒಂದೇ ಸಂದಿನಲ್ಲಿ ಮತ್ತೆ ಮತ್ತೆ ನೋಯುವ ವಸಡು

ಕಾಟುಮಾವಿನ ಕಾಲದಲ್ಲಿ ನಮ್ಮ ಕಾಸರಗೋಡಿನ ಮನೆಜಗಲಿಗಳಲ್ಲಿ ಒಂದು ನೋಟ ಸಾಮಾನ್ಯ. ಊಟ ಮುಗಿಸಿದವರು ಹಿಡಿಸೂಡಿಯಿಂದ ಒಂದು ಕಡ್ಡಿ ಮುರಿದುಕೊಂಡು, ಬಾಯಿ ಓರೆಮಾಡಿ, ಹಲ್ಲಿನ ಸಂದು ಕೆದಕುತ್ತಾ ಕುಳಿತಿರುತ್ತಾರೆ. ನಾರು ಹೊರಗೆ ಬಂದರೆ ಸಮಾಧಾನ. ಮರುದಿನ ಅದೇ ಸಂದು, ಅದೇ ಕಡ್ಡಿ. ತಿಂಗಳು ಕಳೆದರೂ ಆ ಜಾಗದ ವಸಡು ಕೆಂಪಗೆ ಉಬ್ಬಿ, ಮುಟ್ಟಿದರೆ ರಕ್ತ ಬರುತ್ತದೆ. ದೊಡ್ಡ ನೋವಿಲ್ಲವಾದ್ದರಿಂದ ಯಾರೂ ವೈದ್ಯರ ಬಳಿಗೆ ಹೋಗುವುದಿಲ್ಲ.

ಹಲ್ಲುಗಳು ಒಂದಕ್ಕೊಂದು ಬಿಗಿಯಾಗಿ ತಾಗಿಕೊಂಡಿದ್ದರೆ ಅಗಿದ ಆಹಾರ ನಡುವಿನ ವಸಡಿಗೆ ಸುಲಭವಾಗಿ ಇಳಿಯುವುದಿಲ್ಲ. ಬಾಯಿಯ ಉಳಿದ ವಸಡೆಲ್ಲ ಚೆನ್ನಾಗಿದ್ದು ಒಂದೇ ಕಡೆ ನೋಯುತ್ತಿದ್ದರೆ, ತಪ್ಪು ವಸಡಿನದ್ದಲ್ಲ, ಆ ಸಂದಿನದ್ದು ಎಂದು ಮೊದಲು ಸಂಶಯಪಡಬೇಕು. ಕನ್ನಡಿಯಲ್ಲಿ ಕಾಣದ ಹುಳುಕು ಹಲ್ಲಿನ ಬದಿಯಲ್ಲಿರಬಹುದು. ಹಿಂದೆ ತುಂಬಿಸಿದ ಸಿಮೆಂಟಿನ ಅಂಚು ಒಡೆದಿರಬಹುದು. ಪಕ್ಕದ ಹಲ್ಲು ಕೀಳಿಸಿ ಹಾಗೆಯೇ ಬಿಟ್ಟದ್ದರಿಂದ ಉಳಿದ ಹಲ್ಲು ವಾಲಿ ಸಂದು ಬಿಟ್ಟಿರಬಹುದು. ಇಂಥಲ್ಲಿ ಬರೇ ಉಪ್ಪುನೀರು ಮುಕ್ಕಳಿಸುವುದು, ತೋಡಿನ ಕಟ್ಟದಲ್ಲಿ ತೂತು ಬಿಟ್ಟು ನೀರು ನಿಲ್ಲಿಸಲು ಹೊರಟ ಹಾಗೆ.

ಇನ್ನೊಂದು ಕಾರಣ ಸರಳ: ಬ್ರಶ್ಶಿನ ಎಳೆಗಳು ಸಂದಿನೊಳಗೆ ಹೋಗುವುದಿಲ್ಲ. ಅಲ್ಲಿ ಉಳಿದ ಮೆತ್ತನೆಯ ಕೊಳೆ ಕ್ರಮೇಣ ಕಲ್ಲಿನಂತೆ ಗಟ್ಟಿಯಾಗುತ್ತದೆ. ಡೆನ್ಮಾರ್ಕಿನಲ್ಲಿ ಹೆರಾಲ್ಡ್ ಲೋ ಮತ್ತು ಸಂಗಡಿಗರು ನಡೆಸಿ 1965ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆರೋಗ್ಯವಂತರಾದ 12 ಮಂದಿ ಹಲ್ಲುಜ್ಜುವುದನ್ನು ನಿಲ್ಲಿಸಿದರು. 10ರಿಂದ 21 ದಿನಗಳೊಳಗೆ ಎಲ್ಲರ ವಸಡೂ ಉರಿಯೂತಕ್ಕೆ ಒಳಗಾಯಿತು. ಮತ್ತೆ ಶುಚಿ ಮಾಡತೊಡಗಿದಾಗ ಕೆಲವೇ ದಿನಗಳಲ್ಲಿ ಗುಣವಾಯಿತು.

ಆದುದರಿಂದ ಕಡ್ಡಿ ಬಿಟ್ಟು ನೂಲು ಹಿಡಿಯಿರಿ. ಔಷಧದಂಗಡಿಗಳಲ್ಲಿ ಫ್ಲಾಸ್ ಎಂಬ ತೆಳುನೂಲು ಸಿಗುತ್ತದೆ. ಒಂದು ಮೊಳದಷ್ಟು ತೆಗೆದು ಎರಡೂ ಕೈಗಳ ನಡುಬೆರಳಿಗೆ ಸುತ್ತಿ, ನಿಧಾನವಾಗಿ ಸಂದಿನೊಳಗೆ ಇಳಿಸಬೇಕು. ಗರಗಸದಂತೆ ಎಳೆದು ವಸಡಿಗೆ ಬಡಿಯಬಾರದು. ನೂಲನ್ನು ಒಂದು ಹಲ್ಲಿನ ಬದಿಗೆ ಬಾಗಿಸಿ ಮೇಲೆ ಕೆಳಗೆ ಉಜ್ಜಿ, ಅನಂತರ ಇನ್ನೊಂದು ಹಲ್ಲಿಗೂ ಹಾಗೆಯೇ ಮಾಡಬೇಕು. ರಾತ್ರಿ ಮಲಗುವ ಮುಂಚೆ ಒಮ್ಮೆ ಸಾಕು. ಮೊದಲ ಕೆಲವು ದಿನ ರಕ್ತ ಬಂದರೆ ಹೆದರಿ ನಿಲ್ಲಿಸಬೇಡಿ. ಹೆಚ್ಚಿನವರು ಸೋಲುವುದು ಇಲ್ಲಿಯೇ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸಿದರೆ ತಾತ್ಕಾಲಿಕ ಆರಾಮ ಸಿಗುತ್ತದೆ. ಆದರೆ ನೋವಿನ ಮಾತ್ರೆಯನ್ನು ವಸಡಿಗೆ ಒತ್ತಿಡುವ ಅಭ್ಯಾಸ ಬೇಡ, ಅದು ವಸಡನ್ನು ಸುಡುತ್ತದೆ. ಉಮಿಕರಿಯೂ ಹಲ್ಲನ್ನು ಸವೆಸುತ್ತದೆ.

ಅಡಿಕೆಯಿಂದಲೇ ಬದುಕುವ ಊರಿನಲ್ಲಿ ಮುಂದಿನ ಮಾತು ಬರೆಯಲು ನನಗೆ ಸ್ವಲ್ಪ ಸಂಕೋಚ. ಅಡಿಕೆಯ ಚೂರು ಸಂದಿನಲ್ಲಿ ಸಿಕ್ಕಿಕೊಳ್ಳುತ್ತದೆ, ಸುಣ್ಣ ವಸಡನ್ನು ಕೊರೆಯುತ್ತದೆ ಎಂಬುದಷ್ಟೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹೊಗೆಸೊಪ್ಪು ಸೇರಿಸದ ಎಲೆಯಡಿಕೆಯೂ ಕ್ಯಾನ್ಸರ್‌ಕಾರಕವೆಂದು ಹೇಳಿದೆ. ಬೆಳೆಯುವವರು ಬೆಳೆಯಲಿ, ಜಗಿಯುವವರು ತಮ್ಮ ಬಾಯಿಯನ್ನು ಆಗಾಗ ಬೆಳಕಿನಲ್ಲಿ ನೋಡಿಕೊಳ್ಳಲಿ. ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಅಗಲಿಸಲು ಕಷ್ಟ, ಇವುಗಳಲ್ಲಿ ಒಂದು ಕಂಡರೂ ತಡಮಾಡಬಾರದು.

ವಸಡಿನಲ್ಲಿ ಕೀವು, ಹಲ್ಲು ಅಲುಗಾಡುವುದು, ಜ್ವರ, ಕೆನ್ನೆ ಬಾತುಕೊಳ್ಳುವುದು ಇದ್ದರೂ ಹಾಗೆಯೇ. ಸಕ್ಕರೆ ಕಾಯಿಲೆಯವರಲ್ಲಿ ವಸಡಿನ ತೊಂದರೆ ಬೇಗ ಬಲಿಯುವುದರಿಂದ ಅವರು ಕಾಯುವುದು ಸರಿಯಲ್ಲ. ರಕ್ತದೊತ್ತಡಕ್ಕೆ, ಅಪಸ್ಮಾರಕ್ಕೆ ಕೊಡುವ ಕೆಲವು ಮಾತ್ರೆಗಳಿಂದಲೂ ವಸಡು ಬಾತುಕೊಳ್ಳುವುದುಂಟು. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ, ವೈದ್ಯರಿಗೆ ತಿಳಿಸಿ.

ಇವೇನೂ ಇಲ್ಲದೆ, ಎರಡು ವಾರ ನೂಲು ಹಾಕಿದ ಮೇಲೂ ಅದೇ ಸಂದು ನೋಯುತ್ತಿದ್ದರೆ ದಂತವೈದ್ಯರನ್ನು ಕಾಣಿ. “ವಸಡು ನೋವು” ಎಂದಷ್ಟೇ ಹೇಳದೆ ಸಂದನ್ನು ಬೆರಳಿಟ್ಟು ತೋರಿಸಿ. ಅಲ್ಲಿ ಆಹಾರ ಸಿಕ್ಕಿಕೊಳ್ಳುತ್ತದೆಯೇ, ನೂಲು ಅಲ್ಲಿ ಮಾತ್ರ ಎಳೆ ಬಿಡುತ್ತದೆಯೇ ಎಂಬುದನ್ನೂ ತಿಳಿಸಿ. ಅಡಗಿದ ಹುಳುಕನ್ನು ಒಂದು ಚಿಕ್ಕ ಎಕ್ಸರೇ ತೋರಿಸೀತು.