ಕಸದ ಪಾಲಾದ ಸಂಘದ ಸುತ್ತೋಲೆ

ಕಳೆದ ಮಳೆಗಾಲದ ಆರಂಭದಲ್ಲಿ ಹಿರಿಯ ಸದಸ್ಯರೊಬ್ಬರು ಸಂಘದ ಕಚೇರಿಗೆ ಬಂದು, ಅಡಿಕೆಯ ಬೆಳೆ ವಿಮೆಗೆ ಹಣ ಕಟ್ಟಲು ಕೊನೆಯ ದಿನ ಯಾವುದೆಂದು ವಿಚಾರಿಸಿದರು. ಆ ದಿನ ಕಳೆದು ಆಗಲೇ ನಾಲ್ಕು ದಿನಗಳಾಗಿದ್ದವು. "ಈಮೇಲ್ ಕಳುಹಿಸಿದ್ದೆವಲ್ಲ ರಾಯರೇ" ಎಂದೆವು. "ಎಲ್ಲಿದೆ ತೋರಿಸಿ ಮಾರಾಯ್ರೆ" ಎಂದು ಅವರು ಫೋನನ್ನೇ ನಮ್ಮ ಮುಂದಿಟ್ಟರು. ಹುಡುಕಿದಾಗ ನಮ್ಮ ಸುತ್ತೋಲೆ 'ಸ್ಪ್ಯಾಮ್' ವಿಭಾಗದಲ್ಲಿ, ಲಾಟರಿ ಹೊಡೆದಿದೆ ಎನ್ನುವ ಠಕ್ಕರ ಪತ್ರಗಳ ನಡುವೆ ಬಿದ್ದಿತ್ತು. ಆ ಮಳೆಗಾಲದಲ್ಲಿ ಕೊಳೆರೋಗ ಅವರ ತೋಟವನ್ನೂ ಬಿಡಲಿಲ್ಲ.

ಕೇಳದೆಯೇ ರಾಶಿಗಟ್ಟಲೆ ಬರುವ ಪತ್ರಗಳಿಗೆ ಸ್ಪ್ಯಾಮ್ ಎಂದು ಹೆಸರು. 1978ರ ಮೇ 3ರಂದು ಗ್ಯಾರಿ ಥ್ಯುರ್ಕ್ ಎಂಬ ಅಮೆರಿಕದ ಕಂಪ್ಯೂಟರ್ ಮಾರಾಟಗಾರರು ಸುಮಾರು 400 ಮಂದಿಗೆ ಒಂದೇ ಜಾಹೀರಾತನ್ನು ಕಳುಹಿಸಿದ್ದೇ ಇದರ ಆರಂಭವೆನ್ನುತ್ತಾರೆ. ಈಗಂತೂ ಜರಡಿಯಿಲ್ಲದೆ ಗತಿಯಿಲ್ಲ. ಆದರೆ ಕಪ್ಪು ಬೀಜ ಆರಿಸುವಾಗ ನಾಲ್ಕು ಒಳ್ಳೆಯ ಕಾಫಿ ಬೀಜವೂ ಹೊರಗೆ ಬೀಳುವಂತೆ, ಈ ಜರಡಿಯಲ್ಲೂ ಆಗುತ್ತದೆ.

ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಖರ್ಚು ಉಳಿಸಲೆಂದು ಉಚಿತ ಜಿಮೇಲ್ ವಿಳಾಸದ ಹೆಸರಿನಲ್ಲಿ, ಬೇರೊಂದು ಕಂಪನಿಯ ಯಂತ್ರದಿಂದ ನೂರಾರು ಪ್ರತಿ ಕಳುಹಿಸಿದ್ದೆವು. ಒಬ್ಬರ ಲೆಟರ್‌ಹೆಡ್ಡಿನಲ್ಲಿ ಇನ್ನೊಬ್ಬರು ಬರೆದಂತೆ! ಠಕ್ಕರು ಮಾಡುವುದೂ ಅದನ್ನೇ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ನಿಯಮಗಳನ್ನು ಬಿಗಿಗೊಳಿಸಿವೆ. ಯಾವ ಯಂತ್ರಗಳು ನಮ್ಮ ಹೆಸರಿನಲ್ಲಿ ಪತ್ರ ಕಳುಹಿಸಬಹುದೆಂಬ ಪಟ್ಟಿಗೆ ಎಸ್‌ಪಿಎಫ್ ಎಂದೂ, ಪತ್ರದ ಮೇಲಿನ ಮೊಹರಿಗೆ ಡಿಕಿಮ್ ಎಂದೂ ಹೆಸರು. ಸಣ್ಣ ಸಂಘಕ್ಕೂ ಇವೆರಡರಲ್ಲಿ ಒಂದು ಕಡ್ಡಾಯ. ಜಿಮೇಲಿಗೆ ದಿನಕ್ಕೆ 5000ಕ್ಕೂ ಮಿಕ್ಕಿ ಕಳುಹಿಸುವವರಿಗೆ ಎರಡೂ ಬೇಕು, ಮೇಲೆ ಡಿಮಾರ್ಕ್ ಎಂಬ ಮೂರನೆಯದೂ ಬೇಕು. ನಾವೀಗ ಸಂಘದ್ದೇ ವಿಳಾಸ ಪಡೆದು ಇವನ್ನೆಲ್ಲ ಮಾಡಿಸಿದ್ದೇವೆ.

ಸದಸ್ಯರಿಂದ ಆಗಬೇಕಾದದ್ದೂ ಇದೆ. ಪತ್ರ ಬೇಡವಾದರೆ ಕೆಲವರು ಸಿಟ್ಟಿನಿಂದ 'ಸ್ಪ್ಯಾಮ್' ಗುಂಡಿ ಒತ್ತಿಬಿಡುತ್ತಾರೆ. ಇಂಥ ದೂರು ಶೇ. 0.3 ತಲುಪಬಾರದೆಂಬುದು ಗೂಗಲ್ ನಿಯಮ. ಅಂದರೆ ಸಾವಿರ ಪತ್ರಕ್ಕೆ ಮೂವರು ಒತ್ತಿದರೂ ಉಳಿದವರ ಪತ್ರಕ್ಕೆ ಸಂಚಕಾರ. ಬೇಡವಾದವರು ಪತ್ರದ ಕೊನೆಯಲ್ಲಿರುವ 'ಅನ್‌ಸಬ್‌ಸ್ಕ್ರೈಬ್' ಒತ್ತಿ, ಇಲ್ಲವೇ ಕಚೇರಿಗೆ ಹೇಳಿ ಹೆಸರು ತೆಗೆಸಿ, ನಮಗೇನೂ ಬೇಸರವಿಲ್ಲ. ಬೇಕಾದವರು ವಾರಕ್ಕೊಮ್ಮೆ ಸ್ಪ್ಯಾಮ್ ವಿಭಾಗ ನೋಡಿ, ನಮ್ಮ ಪತ್ರ ಅಲ್ಲಿದ್ದರೆ 'ಸ್ಪ್ಯಾಮ್ ಅಲ್ಲ' ಎಂದು ಒತ್ತಬೇಕು, ಸಂಘದ ವಿಳಾಸವನ್ನು ಸಂಪರ್ಕ ಪಟ್ಟಿಗೆ ಸೇರಿಸಿಕೊಳ್ಳಬೇಕು. ಜಿಮೇಲಿನಲ್ಲಿ ಅಲ್ಲಿ ಬಿದ್ದದ್ದು 30 ದಿನಗಳಲ್ಲಿ ತಾನಾಗಿ ಅಳಿದುಹೋಗುತ್ತದೆ.

ವಿಮೆ ಮತ್ತು ಮಹಾಸಭೆಯ ನೋಟೀಸುಗಳನ್ನು ಮಾತ್ರ ಇನ್ನು ಮುಂದೆ ಅಂಚೆ ಕಾರ್ಡಿನಲ್ಲೂ ಕಳುಹಿಸುತ್ತೇವೆ.